ಮೂರನೇ ಜಾಯಿಂಟು ಮುಚ್ಚಿದವರು

ನಾವು ಜೋಡಿಸುತ್ತಿದ್ದದ್ದು ಹಗುರ ಟಾರ್ಪೆಡೊ. ಹಗುರ ಎಂದರೆ ನಾಲ್ಕು ಜನ ಹೆಗಲ ಮೇಲೆ ಹೊತ್ತು ಓಡುವಷ್ಟಲ್ಲ, ಹೆಲಿಕಾಪ್ಟರಿನ ಹೊಟ್ಟೆಗೆ ಕಟ್ಟಿ ಒಯ್ಯಬಹುದಾದಷ್ಟು. ಸಮುದ್ರದಡಿ ಅಡಗಿರುವ ಜಲಾಂತರ್ಗಾಮಿಯನ್ನು ಸದ್ದಿನ ಜಾಡು ಹಿಡಿದು ಹುಡುಕಿಕೊಂಡು ಹೋಗುವುದು ಅದರ ಕೆಲಸ. ಅದರೊಳಗೆ ಅಕ್ಕಪಕ್ಕ ಎರಡು ಕೋಣೆಗಳಿವೆ. ಒಂದರಲ್ಲಿ ಬ್ಯಾಟರಿ. ಆ ಬ್ಯಾಟರಿಗೆ ಜೀವ ಬರುವುದು ಉಪ್ಪುನೀರು ತಾಗಿದ ಮೇಲೆಯೇ. ಹಾಗಾಗಿ ಸಮುದ್ರಕ್ಕೆ ಬಿದ್ದ ಕೂಡಲೇ ಆ ಕೋಣೆ ನೀರನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿ ಎಲೆಕ್ಟ್ರಾನಿಕ್ಸ್. ಅಲ್ಲಿಗೆ ನೀರು ಹೋದರೆ ಕೆಲಸ ಕೆಟ್ಟಿತು. ಈ ಎರಡು ಕೋಣೆಗಳ ನಡುವಿನ ಸೇರುವೆಗೆ ನಾವು ಮೂರನೇ ಜಾಯಿಂಟು ಎನ್ನುತ್ತಿದ್ದೆವು. ಒಂದು ಕಡೆಯ ಸಮುದ್ರವನ್ನು ಇನ್ನೊಂದು ಕಡೆಗೆ ಬಿಡದಂತೆ ತಡೆಯುವುದಕ್ಕೆ ಅಲ್ಲಿರುವುದು ಎರಡು ರಬ್ಬರ್ ರಿಂಗು, ಅವು ಕೂರಲು ಲೋಹದಲ್ಲಿ ಕೊರೆದ ಎರಡು ಸಣ್ಣ ಕಾಲುವೆ. ಅಷ್ಟೇ.

ಆ ಜಾಯಿಂಟನ್ನು ಮುಚ್ಚುತ್ತಿದ್ದವರು ಒಬ್ಬರೇ. ಬ್ಯಾಟರಾಯನಪುರದ ಹಳೇ ಊರಿನವರು. ಕಾಗದದ ಮೇಲೆ ಹಿರಿಯ ಫಿಟ್ಟರ್, ನಮ್ಮೆಲ್ಲರ ಬಾಯಲ್ಲಿ ಯಜಮಾನರು. ನಿವೃತ್ತಿಯ ವಯಸ್ಸು ದಾಟಿದ್ದರೂ ಕಂಪನಿ ಅವರನ್ನು ವರ್ಷವರ್ಷಕ್ಕೆ ಮುಂದುವರಿಸಿಕೊಂಡು ಬಂದಿತ್ತು, ಯಾಕೆಂದರೆ ಅವರು ಮುಚ್ಚಿದ್ದು ಇವತ್ತಿನವರೆಗೆ ಒಂದೂ ಸೋರಿರಲಿಲ್ಲ. ಪ್ರತಿ ಸೋಮವಾರ ಉಗುರು ಕತ್ತರಿಸಿಕೊಂಡು ಬರುತ್ತಿದ್ದರು. ಕೈ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ರಿಂಗನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ಇಡೀ ಸುತ್ತು ಎಳೆದು ನೋಡುವರು. ಕೂದಲೆಳೆಯಷ್ಟು ಗೀರಿದ್ದರೂ ಅವರ ಬೆರಳು ಅಲ್ಲಿ ನಿಲ್ಲುತ್ತಿತ್ತು. ಗ್ರೀಸ್ ಹಚ್ಚಿದ್ದು ಕಣ್ಣಿಗೆ ಕಾಣಬಾರದು, ಬೆರಳಿಗೆ ಗೊತ್ತಾಗಬೇಕು ಎನ್ನುವುದು ಅವರ ಲೆಕ್ಕ.

ನಾನು ಆ ಜೋಡಣೆಯ ಹೊಣೆ ಹೊತ್ತ ಇಂಜಿನಿಯರು. ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ದಾಟಿ, ಯಶವಂತಪುರದ ಆಚೆ ತುಮಕೂರು ರಸ್ತೆಯ ಒಳಭಾಗದಲ್ಲಿದ್ದ ನಮ್ಮ ಕಾರ್ಖಾನೆಗೆ ಸ್ಕೂಟರಿನಲ್ಲಿ ಬಂದು ಸೇರುವಷ್ಟರಲ್ಲೇ ಅರ್ಧ ಊರಿನ ಜೊತೆ ಮನಸ್ಸಿನಲ್ಲೇ ಜಗಳವಾಡಿ ಮುಗಿಸಿರುತ್ತಿದ್ದೆ. ಅವಸರ ನನ್ನ ಹುಟ್ಟುಗುಣ. ಯಜಮಾನರು ರಿಂಗು ಎಳೆಯುವಾಗ ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು, ಒಳಗೊಳಗೇ ಗಡಿಯಾರ ನೋಡುತ್ತಿದ್ದೆ.

ಅವರಿಗೆ ಒಂದೇ ಒಂದು ಆಸೆಯಿತ್ತು. ನಾವು ಕಳಿಸುತ್ತಿದ್ದದ್ದು ಅಭ್ಯಾಸದ ಟಾರ್ಪೆಡೊ. ಅದರಲ್ಲಿ ಸಿಡಿತಲೆ ಇರುವುದಿಲ್ಲ, ಅಳತೆ ಬರೆದುಕೊಳ್ಳುವ ಉಪಕರಣವಿರುತ್ತದೆ. ಓಟ ಮುಗಿದ ಮೇಲೆ ಮೋಟಾರು ನಿಂತು, ಒಳಗಿನ ಸೀಸದ ತೂಕ ಕಳಚಿಬಿದ್ದು, ಅದು ತಾನೇ ತೇಲಿ ಮೇಲೆ ಬರಬೇಕು. ಕಿತ್ತಳೆ ಬಣ್ಣದ ಮೂತಿ ನೀರಿನಿಂದ ಎದ್ದು ನಿಲ್ಲುತ್ತದೆ. ಅದನ್ನು ನಾವು ಹೇಳಿ ಹೇಳಿ ಅವರಿಗೆ ಕೇಳಿ ಗೊತ್ತು. ಸಮುದ್ರವನ್ನೇ ನೋಡಿರಲಿಲ್ಲ ಎಂದಲ್ಲ. ಧರ್ಮಸ್ಥಳದ ಟೂರಿನಲ್ಲಿ ಮಲ್ಪೆಗೆ ಹೋಗಿ ಪಂಚೆ ಒದ್ದೆ ಮಾಡಿಕೊಂಡು ಬಂದಿದ್ದರು.

“ನಾನು ಮುಚ್ಚಿದ್ದು ಮ್ಯಾಕ್ ಬರಾದನ್ನ ಒಂದ್ಸಲ ನೋಡ್ಬೇಕು ಮೇಡಂ. ಎಲ್ಲಾ ಓಗಿದ್ದೇ ಕಂಡೀವ್ನಿ, ಬಂದಿದ್ದು ಕಂಡಿಲ್ಲ,” ಎನ್ನುತ್ತಿದ್ದರು.

ಯೋಜನೆಯ ಮುಖ್ಯಸ್ಥರು ಒಪ್ಪಿದ್ದರು. ಈ ಸಲದ ಸಮುದ್ರ ಪರೀಕ್ಷೆ ಮುಗಿಯಲಿ, ಮುಂದಿನ ಸಲ ಯಜಮಾನರು ಹಡಗಿನ ಮೇಲೆ ಇರುತ್ತಾರೆ ಎಂದು ಎಲ್ಲರ ಎದುರಿಗೆ ಹೇಳಿದ್ದರು.

ಆಯುಧಪೂಜೆಯ ದಿನ ಬಂತು. ಟಾರ್ಪೆಡೊ ಎರಡು ದಿನದ ಹಿಂದೆಯೇ ಒತ್ತಡದ ಟ್ಯಾಂಕಿನಲ್ಲಿ ಮುಳುಗಿ, ಆಳದ ಒತ್ತಡ ತಿಂದು, ಒಂದು ಹನಿಯೂ ಸೋರದೆ ಪಾಸಾಗಿತ್ತು. ಆ ಪರೀಕ್ಷೆಗೆ ನಮ್ಮಲ್ಲಿ ‘ನೀರಿಗೆ ಬಿಡೋದು’ ಎನ್ನುತ್ತಾರೆ. ಧೂಳು ತಗಲದಂತೆ ನಾವು ಜೋಡಣೆ ಮಾಡುವ ಕ್ಲೀನ್ ರೂಮಿನ ಬಾಗಿಲಿಗೆ ಬಳೆ, ಉಂಗುರ, ಹೂವು, ದಾರ ಒಳಗೆ ತರಬಾರದು ಎಂಬ ಬೋರ್ಡಿದೆ. ಆದ್ದರಿಂದ ಪೂಜೆಗೆ ಟ್ರಾಲಿಯನ್ನೇ ಹೊರಗಿನ ಶೆಡ್ಡಿಗೆ ತಳ್ಳಿಕೊಂಡು ಬರುವುದು ವಾಡಿಕೆ. ಅರಿಶಿನ ಕುಂಕುಮ ಟ್ರಾಲಿಯ ಚೌಕಟ್ಟಿಗೆ ಮಾತ್ರ. ಚೆಂಡುಹೂವಿನ ಹಾರವೂ ಟ್ರಾಲಿಗೇ. ಗೇಟಿನ ಮುಂದೆ ಬೂದುಗುಂಬಳ ಒಡೆದರು. ಕಡ್ಲೆಪುರಿ, ಸ್ವೀಟ್ ಪ್ಯಾಕೆಟ್ ಹಂಚಿದರು. ಹನ್ನೆರಡಕ್ಕೆಲ್ಲ ಶೆಡ್ಡು ಖಾಲಿಯಾಗತೊಡಗಿತು. ಟ್ಯಾಂಕ್ ನಡೆಸುವವರು ಬ್ಯಾಗು ಹಿಡಿದೇ ಬಂದಿದ್ದರು. ಮಂಗಳಾರತಿ ತಗೊಂಡವರೇ ಊರಿನ ಬಸ್ಸು ಹಿಡಿಯಲು ಹೊರಟುಬಿಟ್ಟರು.

ಯಜಮಾನರ ಹೆಂಡತಿ ಮನೆಯಲ್ಲಿ ಹೂ ಕಟ್ಟಿ ಮಾರುವವರು. ಪ್ರತಿವರ್ಷ ಆಯುಧಪೂಜೆಗೆ ನನಗೆಂದು ಒಂದು ಮೊಳ ಕಾಕಡ, ಕನಕಾಂಬರ ಕಟ್ಟಿ, ಎಲೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ದಾರ ಬಳಸುವವರಲ್ಲ ಆಕೆ. ಬಾಳೆನಾರು ನೆನೆಸಿ, ಸೀಳಿ, ಅದರಲ್ಲೇ ಒತ್ತಾಗಿ ಕಟ್ಟುವರು. ವರ್ಷವಿಡೀ ಬೋರ್ಡಿನ ಭಯಕ್ಕೆ ಬರಿದಾದ ಜಡೆಯಲ್ಲಿ ಓಡಾಡುವ ನನಗೆ ಆ ಒಂದು ದಿನ ಹೂ ಮುಡಿಯುವುದೆಂದರೆ ಸಂಭ್ರಮ. ಅಂದೂ ಮುಡಿದಿದ್ದೆ.

ಮನೆಗೆ ಹೊರಡಬೇಕು ಎನ್ನುವಾಗ ಮುಖ್ಯಸ್ಥರ ಫೋನು ಬಂತು.

“ಹಡಗು ಎರಡು ದಿನ ಮುಂಚೇನೇ ಹೊರಡ್ತದಂತೆ ಕಣ್ರೀ. ಲಾರಿ ಇವತ್ತೇ ಬಿಡ್ಬೇಕು. ಒಂದ್ಸಲ ಎಲೆಕ್ಟ್ರಿಕಲ್ ಚೆಕ್ ಮಾಡಿ ಕಳಿಸ್ಬಿಡಿ.”

ಚೆಕ್ ಮಾಡಿದಾಗ ಆಳ ತೋರಿಸುವ ಅಂಕಿ ಮಿಣುಕುತ್ತಿತ್ತು. ಒಳಗೆ ಒಂದು ಕನೆಕ್ಟರ್ ಸರಿಯಾಗಿ ಕೂತಿಲ್ಲ. ಅದನ್ನು ಮುಟ್ಟಬೇಕಾದರೆ ಮೂರನೇ ಜಾಯಿಂಟು ತೆಗೆಯಲೇಬೇಕು. ಶೆಡ್ಡಿನಲ್ಲಿ ಉಳಿದಿದ್ದವರು ನಾನು ಮತ್ತು ಯಜಮಾನರು. ಟ್ರಾಲಿಯನ್ನು ಒಳಗೆ ತಳ್ಳಿದೆವು, ಹಾರ ತೆಗೆದು ಹೊರಗೇ ಇಟ್ಟೆವು. ಕೋಟು ಹಾಕಿಕೊಂಡೆವು. ಹಬ್ಬದ ಸೀರೆಯ ಮೇಲೆ ಬಿಳಿ ಕೋಟು, ತಲೆಗೆ ಬಟ್ಟೆಯ ಟೋಪಿ. ಹೂವಿನ ದಪ್ಪಕ್ಕೆ ಟೋಪಿ ಸರಿಯಾಗಿ ಕೂರಲಿಲ್ಲ. ಹಿಂದುಗಡೆ ಜಡೆಯೂ ಹೂವಿನ ತುದಿಯೂ ಇಳಿಬಿದ್ದಿತ್ತು. ನನಗೆ ಅದರ ಪರಿವೆಯೇ ಇರಲಿಲ್ಲ. ಲಾರಿಯವನು ಹೊರಗೆ ಹಾರನ್ ಹೊಡೆಯುತ್ತಿದ್ದ.

ಕನೆಕ್ಟರನ್ನು ನಾನು ಕೂರಿಸಿದೆ. ಅಂಕಿ ನೆಟ್ಟಗಾಯಿತು. ಯಜಮಾನರು ಕಾಲುವೆ ಒರೆಸಿ, ಹೊಸ ರಿಂಗು ಎಳೆದು ನೋಡಿ, ಕೂರಿಸಿದರು. ನಾನು ಬಗ್ಗಿ ಟಾರ್ಚು ಹಿಡಿದಿದ್ದೆ. ಎರಡು ಭಾಗಗಳನ್ನು ಸೇರಿಸುವ ಮುಂಚೆ ಅವರು ಒಂದು ಕ್ಷಣ ನಿಂತರು. ನನ್ನ ತಲೆಯ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಏನೋ ಹೇಳಲಿಕ್ಕೆ ಬಾಯಿ ತೆರೆದಂತಿತ್ತು. ಹೊಟ್ಟೆ ಹಸಿದಿರಬೇಕು ಪಾಪ ಎಂದುಕೊಂಡೆ. “ಸೇರಿಸಿ ಯಜಮಾನ್ರೇ,” ಎಂದೆ. ಸೇರಿಸಿದರು.

ಬೋಲ್ಟು ಬಿಗಿದಾದ ಮೇಲೆ ಅವರು, “ಇನ್ನೊಂದ್ಸಲ ನೀರಿಗೆ ಬಿಡಾನ ಮೇಡಂ,” ಎಂದರು.

“ಟ್ಯಾಂಕಿನವರು ಊರಿಗೆ ಹೋದ್ರಲ್ಲ. ಮೊನ್ನೆ ತಾನೇ ಬಿಟ್ಟಿದ್ದೀವಿ, ಹತ್ತು ನಿಮಿಷದ ಕೆಲಸಕ್ಕೆ ಮತ್ಯಾಕೆ?”

“ತೆಗುದ್ ಮ್ಯಾಕೆ ಅದು ಒಸಾ ಜಾಯಿಂಟೇಯ.”

“ಸೈನ್ ಹಾಕೋಳು ನಾನಲ್ವಾ? ಬಿಡಿ ನೀವು.”

ಸೈನ್ ಹಾಕಿದೆ. ಮರುಪರೀಕ್ಷೆಯ ಖಾನೆಯಲ್ಲಿ ‘ಹಿಂದಿನ ಫಲಿತಾಂಶ ಅನ್ವಯಿಸುತ್ತದೆ’ ಎಂದು ದುಂಡಗೆ ಬರೆದೆ. ಲಾರಿ ಹೊರಟಿತು. ಯಜಮಾನರು ಗೇಟಿನವರೆಗೆ ಅದರ ಹಿಂದೆ ನಡೆದುಹೋಗಿ, ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಸಮುದ್ರ ತಣ್ಣಗಿತ್ತು. ಹಡಗಿನ ಪಕ್ಕದ ಕೊಳವೆಯಿಂದ ಟಾರ್ಪೆಡೊ ಜಿಗಿದು ನೀರಿಗೆ ಬಿತ್ತು. ಬ್ಯಾಟರಿಗೆ ಜೀವ ಬಂತು, ಗುರಿಯ ಕಡೆ ತಿರುಗಿತು, ಸುತ್ತು ಹಾಕಿ ಹುಡುಕಿತು, ಹಿಡಿಯಿತು. ಪರದೆಯ ಮುಂದೆ ಕೂತಿದ್ದವರು ಚಪ್ಪಾಳೆ ಹೊಡೆದರು. ಓಟ ಮುಗಿಯಿತು. ನಾವೆಲ್ಲ ಕಟಾಂಜನಕ್ಕೆ ಬಂದು ನಿಂತೆವು, ಕಿತ್ತಳೆ ಮೂತಿ ನೋಡಲು.

ಅದು ಬರಲಿಲ್ಲ. ಹತ್ತು ನಿಮಿಷ ಕಾದೆವು. ತರಲು ಹೋಗಿದ್ದ ದೋಣಿ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಟಾರ್ಪೆಡೊ ತಾನಿರುವ ಜಾಗ ತಿಳಿಸಲು ಕೂಗುತ್ತಿರುತ್ತದೆ. ಆ ಕೂಗು ಹೆಡ್‌ಫೋನಿನಲ್ಲಿ ಕೇಳುತ್ತಿತ್ತು, ಆದರೆ ತಳದಿಂದ. ನೌಕಾಪಡೆಯ ಅಧಿಕಾರಿಯೊಬ್ಬರು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟರು. ಟಿಕ್, ಟಿಕ್ ಎಂದು ಒಂದೇ ಸಮನೆ. ಮಗು ಬಾವಿಯೊಳಗಿಂದ ಕರೆದ ಹಾಗಿತ್ತು. ನಾನು ಹೆಚ್ಚು ಹೊತ್ತು ಕೇಳಲಾರದೆ ವಾಪಸು ಕೊಟ್ಟೆ.

ಅಲ್ಲಿ ಆಳ ಅಷ್ಟಿರಲಿಲ್ಲವಾದ್ದರಿಂದ ಮುಳುಗುಗಾರರು ಕೆಲವು ದಿನಗಳಲ್ಲಿ ಅದನ್ನು ಎತ್ತಿದರು. ಅದು ಬೆಂಗಳೂರಿಗೆ ವಾಪಸು ಬಂತು. ತನಿಖಾ ಸಮಿತಿಯ ಎದುರಿಗೆ, ನಮ್ಮದೇ ಕ್ಲೀನ್ ರೂಮಿನಲ್ಲಿ ಬಿಚ್ಚಬೇಕೆಂದು ತೀರ್ಮಾನವಾಯಿತು. ಬಿಚ್ಚಲು ಯಜಮಾನರನ್ನೇ ಕರೆದರು. ಮೊದಲನೇ ಜಾಯಿಂಟು ಒಣಗಿತ್ತು. ಎರಡನೆಯದೂ ಒಣಗಿತ್ತು. ಮೂರನೆಯದರ ಬೋಲ್ಟು ಸಡಿಲಿಸಿದ ಕೂಡಲೇ ನೀರು ಸುರಿಯಿತು, ನಿಲ್ಲಲೇ ಇಲ್ಲ. ಯಜಮಾನರು ಬಕೆಟ್ ಹಿಡಿದರು. ಅವರ ಮುಖವನ್ನು ನಾನು ಆಗ ನೋಡಿದೆ. ಇಷ್ಟು ವರ್ಷದಲ್ಲಿ ತಾವು ಮುಚ್ಚಿದ್ದು ಸೋರಿದ್ದನ್ನು ಅವರು ಕಂಡಿದ್ದು ಅದೇ ಮೊದಲು.

ರಿಂಗುಗಳ ಮೇಲೆ ಭೂತಗನ್ನಡಿ ಹಿಡಿದರು. ಎರಡನ್ನೂ ದಾಟಿಕೊಂಡು ಒಂದು ಎಳೆ ಅಡ್ಡ ಮಲಗಿತ್ತು. ತಿಳಿಹಳದಿ ಬಣ್ಣ, ಕೂದಲಿಗಿಂತ ಸ್ವಲ್ಪ ದಪ್ಪ. ಅದು ಒತ್ತಿದ ಗುರುತು ರಬ್ಬರಿನ ಮೇಲೆ ಗೆರೆಯಾಗಿ ಮೂಡಿತ್ತು. ಆಳಕ್ಕೆ ಹೋದ ಹಾಗೆ ಆ ಎಳೆಯ ಪಕ್ಕದ ಸಂದಿಯಲ್ಲಿ ಬ್ಯಾಟರಿ ಕೋಣೆಯ ನೀರು ಸಣ್ಣಗೆ ಜಿನುಗಿದೆ. ಓಟ ಕೆಡುವಷ್ಟು ಬೇಗನೆ ಅಲ್ಲ, ತೇಲಿ ಬರಲಾಗದಷ್ಟು ಭಾರವಾಗುವವರೆಗೆ.

“ಏನಿದು? ದಾರಾನಾ?” ಎಂದರು ಸಮಿತಿಯ ಅಧ್ಯಕ್ಷರು.

ಯಜಮಾನರು ಬಗ್ಗಿ ನೋಡಿದರು. “ಬಾಳೆನಾರು ಸಾ,” ಎಂದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಬೈಗುಳದ ನೋಟವಲ್ಲ, ನನಗೆ ಗೊತ್ತಾಯಿತೋ ಇಲ್ಲವೋ ಎಂದು ನೋಡಿದ್ದು. ನನಗೆ ಗೊತ್ತಾಗಿತ್ತು. ಟ್ರಾಲಿಯ ಹಾರವನ್ನು ಯಶವಂತಪುರ ಮಾರ್ಕೆಟ್ಟಿನಿಂದ ತಂದಿದ್ದು, ಅದು ನೂಲಿನ ಹುರಿಯಲ್ಲಿ ಪೋಣಿಸಿದ ಚೆಂಡುಹೂವು. ಆ ದಿನ ಆ ಶೆಡ್ಡಿನಲ್ಲಿ ಬಾಳೆನಾರು ಇದ್ದದ್ದು ಒಂದೇ ಕಡೆ, ನನ್ನ ಜಡೆಯಲ್ಲಿ.

“ನಂದೇ ಸಾ ತೆಪ್ಪು. ಟ್ರಾಲಿ ಆರ ತೆಗುದ್ ಕೈಯ ಸರ್ಯಾಗಿ ಒರಸ್ಕೊಳ್ದೆ ಮುಟ್ಬುಟ್ಟೆ,” ಎಂದರು ಯಜಮಾನರು.

ನಾನು ಬಾಯಿ ತೆರೆದೆ. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಕುಡಿಯಲು ನೀರು ಬೇಕು ಎಂದೆ.

ಅಷ್ಟೇ ನಾನು ಹೇಳಿದ್ದು. ಮತ್ತೆ ಟ್ಯಾಂಕಿಗೆ ಯಾಕೆ ಹಾಕಲಿಲ್ಲ ಎಂದೂ ಕೇಳಿದರು. ಟ್ಯಾಂಕ್ ನಡೆಸಲು ಜನ ಇರಲಿಲ್ಲ, ಲಾರಿಗೆ ಅವಸರವಿತ್ತು ಎಂದೆ. ಅವಸರ ಮಾಡಿದ್ದ ಮುಖ್ಯಸ್ಥರು ಅಲ್ಲೇ ಕೂತಿದ್ದರಿಂದ ಆ ಪ್ರಶ್ನೆ ಬೆಳೆಯಲಿಲ್ಲ. ಮರುಪರೀಕ್ಷೆ ಬೇಕೆಂದು ಕೇಳಿದವರು ಅಲ್ಲೇ ಬಕೆಟ್ ಹಿಡಿದು ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ವರದಿ ಬಂತು. ಕಾರಣ: ಟ್ರಾಲಿಗೆ ಹಾಕಿದ ಹಾರದ ನಾರು, ಫಿಟ್ಟರನ ಅಜಾಗರೂಕತೆ. ಪರಿಹಾರ: ಇನ್ನು ಮುಂದೆ ಟಾರ್ಪೆಡೊ ಟ್ರಾಲಿಗೆ ಪೂಜೆಯಿಲ್ಲ. ಯಜಮಾನರನ್ನು ಕ್ಲೀನ್ ರೂಮಿನಿಂದ ತೆಗೆದು ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟು ಎಣಿಸಿ ಡಬ್ಬಿಗೆ ತುಂಬುವ ಕೆಲಸ.

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ ನಾನು. ಊಟದ ಹೊತ್ತಿನಲ್ಲಿ ಅವರು ಎದುರು ಬರದ ದಾರಿ ಹುಡುಕಿಕೊಂಡು ಓಡಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ, ಕೊನೆಗೊಂದು ದಿನ ಸ್ಟೋರಿಗೆ ಹೋದೆ. ಉಗುರು ಕತ್ತರಿಸಿಕೊಂಡ ಬೆರಳುಗಳಲ್ಲಿ ಅವರು ತುಕ್ಕು ಹಿಡಿದ ಬೋಲ್ಟುಗಳನ್ನು ವಿಂಗಡಿಸುತ್ತಿದ್ದರು. ಅಂದು ಸೋಮವಾರ.

“ಯಾಕೆ ಹಾಗೆ ಹೇಳಿದ್ರಿ ಯಜಮಾನ್ರೇ? ಅದು ನನ್ನ ಹೂವಿಂದು ಅಂತ ನಿಮಗೆ ಗೊತ್ತಿತ್ತು.”

ಅವರು ತಲೆಯೆತ್ತಲಿಲ್ಲ. “ಗೊತ್ತಿತ್ತು. ಅವತ್ತೇ ಕಂಡೆ. ಊವು ಟೋಪಿಯಿಂದ ಆಚ್ಗೆ ನೇತಾಡ್ತಿತ್ತು. ಏಳಾನ ಅಂತ ಬಾಯ್ಗೆ ಬಂತು. ಅಬ್ಬದ್ ದಿನ, ಮುತ್ತೈದೆ, ನನ್ನ ಎಂಡ್ತಿ ಕಟ್ಕೊಟ್ಟ ಊವು. ತಲೆಯಿಂದ ತೆಗೀರಿ ಅಂತ ಎಂಗೆ ಏಳ್ಲಿ? ಬಾಯಿ ಬರ್ಲಿಲ್ಲ. ಅದ್ಕೇ ನೀರಿಗೆ ಬಿಡಾನ ಅಂದೆ.” ಒಂದು ಬೋಲ್ಟನ್ನು ಡಬ್ಬಿಗೆ ಹಾಕಿದರು. “ಏಳ್ಬೇಕಾದೋನು ಏಳ್ಲಿಲ್ಲ ಅಂದ್ಮ್ಯಾಕೆ ತೆಪ್ಪು ನಂದೇ ತಾನೇ?”

ಅಲ್ಲ ಎಂದೆ. ನಾನು ಸಮಿತಿಗೆ ಹೇಳುತ್ತೇನೆ ಎಂದೂ ಎಂದೆ. ಅವರು ಇನ್ನೊಂದು ಬೋಲ್ಟು ಎತ್ತಿಕೊಂಡರು. ನಾನು ಹೇಳಲಿಲ್ಲ. ನಾಳೆ ಹೇಳುತ್ತೇನೆ ಎನ್ನುತ್ತ ಎರಡು ತಿಂಗಳು ಕಳೆದೆ. ಮುಂದಿನ ಪರೀಕ್ಷೆಗೆ ಜೋಡಣೆಯ ಹೊಣೆ ಮತ್ತೆ ನನಗೇ ಕೊಟ್ಟಿದ್ದರು. ಅದು ಕೈತಪ್ಪೀತೆಂಬ ಭಯ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಯಜಮಾನರ ಜಾಗಕ್ಕೆ ಇನ್ನೊಬ್ಬ ಫಿಟ್ಟರನ್ನು ಹಾಕಿದರು. ಬಾಗಲಗುಂಟೆಯವನು, ಒಳ್ಳೆಯ ಕೈ, ಶ್ರದ್ಧೆಯಿತ್ತು. ಆದರೂ ಅವನು ಮುಚ್ಚಿದ ಮೊದಲ ಮೂರು ಜಾಯಿಂಟೂ ಟ್ಯಾಂಕಿನಲ್ಲಿ ಸೋರಿದವು. ಒಂದು ಸಲ ಗ್ರೀಸ್ ಹೆಚ್ಚಾಯಿತು, ಒಂದು ಸಲ ರಿಂಗು ತಿರುಚಿ ಕೂತಿತ್ತು, ಇನ್ನೊಂದು ಸಲ ಯಾಕೆಂದೇ ತಿಳಿಯಲಿಲ್ಲ. ನಾಲ್ಕನೆಯದು ನಿಂತಿತು. ಆ ಹೊತ್ತಿಗೆ ಅವನು ಪಾಪ ಅರ್ಧ ಸೊರಗಿದ್ದ. ಒಂದು ದಿನ ಕಾಲುವೆ ಒರೆಸುತ್ತ ಒರೆಸುತ್ತ ಕೇಳಿದ:

“ಮೇಡಂ, ಹಾರ ಇದ್ದಿದ್ದು ಟ್ರಾಲಿ ಮುಂದ್ಗಡೆ. ಜಾಯಿಂಟ್ ಇರೋದು ನಡುಮಧ್ಯ. ಯಜಮಾನ್ರು ಕೈ ತೊಳೀದೆ ಮುಟ್ಟೋ ಜನಾನೂ ಅಲ್ಲ. ಅಲ್ಲಿಗೆ ನಾರು ಹೆಂಗ್ ಬಂತು ಅಂತೀರ?”

ಕೆಲಸ ನೋಡು ಎಂದು ಗದರಿಸಿದೆ. ಅವನ ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ಗದರಿಸಿದ್ದು.

ಲಾರಿ ಹೊರಡುವ ದಿನ ಮತ್ತೆ ಬಂತು. ಹಣೆಬರಹವೋ ಏನೋ, ಕೊನೆಯ ಚೆಕ್ಕಿನಲ್ಲಿ ಮತ್ತೆ ಒಂದು ತಂತಿ ಕೈಕೊಟ್ಟಿತು. ಮೂರನೇ ಜಾಯಿಂಟು ತೆಗೆದು, ಸರಿಮಾಡಿ, ಮುಚ್ಚಿದೆವು. ಟ್ಯಾಂಕಿನ ಪಂಪು ಅವತ್ತು ರಿಪೇರಿಗೆ ಬಿಚ್ಚಿಟ್ಟಿತ್ತು, ಸಂಜೆಯವರೆಗೆ ಆಗುವುದಿಲ್ಲ. ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಹಿಂದಿನ ರಿಸಲ್ಟ್ ಇದೆಯಲ್ರೀ. ಅದನ್ನೇ ಹಾಕಿ ಸೈನ್ ಮಾಡಿ. ಈ ಸಲ ಪೂಜೆ ಗೀಜೆ ಏನೂ ಆಗಿಲ್ವಲ್ಲ.”

ಪೆನ್ನು ಕೈಯಲ್ಲಿತ್ತು. ಅದೇ ಖಾನೆ, ಅದೇ ಸಾಲು. ಆಗ ನನಗೆ ಸ್ಪಷ್ಟವಾಗಿ ಕಂಡಿತು. ವರದಿಯಲ್ಲಿ ನಾವು ಹೂವಿನ ಹಾರವನ್ನು ಹಿಡಿದು ದಂಡಿಸಿದ್ದೆವು. ನೀರು ನುಗ್ಗಿದ ದಾರಿ ಹಾಗೇ ತೆರೆದುಕೊಂಡಿತ್ತು. ಬಿಚ್ಚಿ ಮುಚ್ಚಿದ ಮೇಲೆ ನೀರಿಗೆ ಬಿಡದೆ ಕಳಿಸಬಹುದು ಎನ್ನುವ ದಾರಿ. ನಾನು ಸುಳ್ಳು ಕಾರಣ ಒಪ್ಪಿಕೊಂಡಿದ್ದರಿಂದ ಒಬ್ಬರ ಮರ್ಯಾದೆ ಹೋದದ್ದಷ್ಟೇ ಅಲ್ಲ, ಮುಂದಿನದೂ ಮುಳುಗಬಹುದಿತ್ತು. ಯಜಮಾನರ ಸಲುವಾಗಿ ಹುಟ್ಟದ ಧೈರ್ಯ ಆ ಖಾನೆ ನೋಡಿದಾಗ ಹುಟ್ಟಿತೆನ್ನುವುದು ನನಗೆ ಇವತ್ತಿಗೂ ನಾಚಿಕೆಯ ವಿಷಯ.

“ಸೈನ್ ಮಾಡಲ್ಲ ಸರ್. ಪಂಪ್ ಸರಿಯಾಗ್ಲಿ, ನೀರಿಗೆ ಬಿಡೋಣ. ಇನ್ನೊಂದು ವಿಷಯ, ಆ ವರದಿ ತಪ್ಪು. ಆ ನಾರು ನನ್ನ ತಲೆಯಿಂದ ಬಿದ್ದಿದ್ದು.”

“ಮುಗಿದ ಕತೆ ಕಣ್ರೀ ಅದು. ಈಗ್ಯಾಕೆ ಕೆದಕ್ತೀರ?”

“ಮುಗಿದಿಲ್ಲ ಸರ್. ಈಗ ಮತ್ತೆ ಅದನ್ನೇ ಮಾಡೋಕೆ ಹೊರಟಿದ್ದೀವಿ.”

ಅವರು ಆ ಖಾಲಿ ಖಾನೆಯನ್ನು ನೋಡಿದರು. ಆಮೇಲೆ ಫೋನು ತೆಗೆದು ಲಾರಿಯನ್ನು ಮಾರನೆಯ ದಿನಕ್ಕೆ ಮುಂದೂಡಿದರು. ಮರುದಿನ ಟ್ಯಾಂಕಿಗೆ ಬಿಟ್ಟಾಗ ಟಾರ್ಪೆಡೊ ಸೋರಲಿಲ್ಲ. ಕಲ್ಲಿನ ಹಾಗೆ ಒಣಗಿತ್ತು. “ನೋಡಿದ್ರಾ?” ಎಂದರು ಮುಖ್ಯಸ್ಥರು. ನೋಡಿದೆ ಸರ್ ಎಂದೆ. ಸಮಿತಿಗೆ ಎರಡು ಪುಟದ ಪತ್ರ ಬರೆದೆ. ಹೂವು, ಟೋಪಿ, ಇಳಿಬಿದ್ದ ಜಡೆ, ಮರುಪರೀಕ್ಷೆ ಬೇಕೆಂದು ಹಿರಿಯ ಫಿಟ್ಟರು ಕೇಳಿದ್ದು, ನಾನು ಬೇಡವೆಂದದ್ದು, ಎಲ್ಲವನ್ನೂ ಬರೆದೆ.

ಸಮಿತಿ ಮತ್ತೊಮ್ಮೆ ಕೂತಿತು. ನಿಯಮ ಬದಲಾಯಿತು: ಜಾಯಿಂಟು ಒಂದು ಸಲ ತೆಗೆದರೂ ಮತ್ತೆ ನೀರಿಗೆ ಬಿಡಲೇಬೇಕು, ಯಾರ ಸೈನೂ ಅದನ್ನು ಮನ್ನಾ ಮಾಡುವಂತಿಲ್ಲ. ತಲೆಯ ಟೋಪಿ ಹೋಗಿ ಕುತ್ತಿಗೆವರೆಗೆ ಮುಚ್ಚುವ ಮುಸುಕು ಬಂತು. ಜೋಡಣೆಯ ಹೊಣೆ ನನ್ನಿಂದ ಹೋಯಿತು. ಕಾಗದಪತ್ರದ ಕೆಲಸ ಕೊಟ್ಟರು, ಜಾಯಿಂಟು ಮುಚ್ಚುವಾಗ ಟಾರ್ಚು ಹಿಡಿಯಲು ಮಾತ್ರ ಕರೆಯುತ್ತಾರೆ. ನ್ಯಾಯವಾಗಿಯೇ ಇತ್ತು. ಬೇಸರವಾಗಲಿಲ್ಲ ಎಂದರೆ ಸುಳ್ಳು.

ಯಜಮಾನರನ್ನು ವಾಪಸು ಕರೆಸಿ ಎಂದು ಕೇಳಲು ಹೋದಾಗಲೇ ಗೊತ್ತಾದದ್ದು. ಅವರನ್ನು ಆ ವರ್ಷ ಮುಂದುವರಿಸಿರಲಿಲ್ಲ. ನನ್ನ ಪತ್ರಕ್ಕೆ ಮೂರು ವಾರ ಮೊದಲೇ, ಒಂದು ಸಂಜೆ, ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು ಹೋಗಿಬಿಟ್ಟಿದ್ದರು. ಬೀಳ್ಕೊಡುಗೆ ಇರಲಿಲ್ಲ, ಹಾರ ಇರಲಿಲ್ಲ. ನಾನು ಅವರು ಎದುರಾಗದ ದಾರಿಗಳಲ್ಲಿ ಓಡಾಡುತ್ತಿದ್ದರಿಂದ ನನಗದು ತಿಳಿದೇ ಇರಲಿಲ್ಲ.

“ವಯಸ್ಸಾಯ್ತಲ್ರೀ ಅವರಿಗೂ. ಹೊಸಬನು ಕಲ್ತಿದಾನೆ. ಈಗ ಮತ್ತೆ ಆಗಲ್ಲ,” ಎಂದರು ಮುಖ್ಯಸ್ಥರು. ಅವರ ದನಿಯಲ್ಲೂ ಸಂಕಟವಿತ್ತು. ಹಡಗಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟವರು ಅವರೇ. ಕೆಲಸದಲ್ಲಿ ಇಲ್ಲದವರನ್ನು ಹಡಗು ಹತ್ತಿಸಲು ಅನುಮತಿ ಸಿಗುವುದಿಲ್ಲ.

ಆ ಟಾರ್ಪೆಡೊದ ಸಮುದ್ರ ಪರೀಕ್ಷೆಗೆ ನಾನು ಅಂಕಿಗಳನ್ನು ಬರೆದುಕೊಳ್ಳುವವಳಾಗಿ ಹೋಗಿದ್ದೆ. ಟಾರ್ಪೆಡೊ ಓಡಿತು, ಹಿಡಿಯಿತು, ನಿಂತಿತು. ದೋಣಿಯ ಎಡಕ್ಕೆ, ಯಾರೂ ನೋಡುತ್ತಿರದ ಕಡೆ, ಕಿತ್ತಳೆ ಮೂತಿ ಪುಳಕ್ಕನೆ ಎದ್ದು ನಿಂತಿತು. ಎಲ್ಲರೂ ಕೂಗಿದರು. ನಾನು ಅಳುತ್ತಿದ್ದೆ. ದೋಣಿಯಲ್ಲಿದ್ದವರು ತೆಗೆದ ವಿಡಿಯೊದ ಪ್ರತಿ ಕೇಳಿದೆ. ಇಂಥದ್ದನ್ನು ಹೊರಗೆ ಕೊಡುವುದಿಲ್ಲ. ಅಧಿಕಾರಿಯೊಬ್ಬರು ಬರೀ ನೀರು ಮತ್ತು ಮೂತಿ ಕಾಣುವ ಒಂದು ಚಿತ್ರವನ್ನು ಮುದ್ರಿಸಿ, ಸಹಿ ಹಾಕಿ ಕೊಟ್ಟರು.

ಅದನ್ನೂ ತಿದ್ದಿದ ವರದಿಯ ಒಂದು ಹಾಳೆಯನ್ನೂ ಹಿಡಿದು ಬ್ಯಾಟರಾಯನಪುರಕ್ಕೆ ಹೋದೆ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದಿರುವ ಹಳೇ ಬೀದಿ. ಯಜಮಾನರ ಹೆಂಡತಿ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು, ಪಕ್ಕದ ತಟ್ಟೆಯಲ್ಲಿ ನೆನೆಸಿದ ಬಾಳೆನಾರು. ನನ್ನನ್ನು ಕಂಡು ಅವರಿಗೆ ಖುಷಿಯೋ ಖುಷಿ. ಯಜಮಾನರು ಒಳಗಿನಿಂದ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ಆಕೆಗೆ ಏನೂ ಗೊತ್ತಿಲ್ಲವೆಂದು ಎರಡೇ ಮಾತಿನಲ್ಲಿ ತಿಳಿಯಿತು.

ಆಕೆ ಕಾಫಿಗೆ ಒಳಗೆ ಹೋದಾಗ ನಾನು ಇಂಗ್ಲಿಷಿನ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಸೋರಿಕೆಗೆ ಹಿರಿಯ ಫಿಟ್ಟರ್ ಕಾರಣರಲ್ಲ. ಮರುಪರೀಕ್ಷೆ ಬೇಕೆಂದು ಅವರು ಕೇಳಿದ್ದರು. ಇಂಜಿನಿಯರು ನಿರಾಕರಿಸಿದರು.

“ಅವ್ರೆಲ್ಲಾ ಓದುದ್ರಾ ಇದ್ನ?”

“ಓದಿದ್ರು. ಶೆಡ್ಡಲ್ಲಿ ಎಲ್ಲರ ಮುಂದೆ ನಾನೇ ನಿಂತು ಓದಿದೀನಿ.”

ಅವರು ಹಾಳೆಯನ್ನು ತೊಡೆಯ ಮೇಲಿಟ್ಟು ಮಡಿಕೆಯನ್ನು ಬೆರಳಿನಿಂದ ನೇವರಿಸಿದರು. ಆಮೇಲೆ ಚಿತ್ರ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ನೀರಿಗೆ ಬಿಟ್ರಾ, ಕಳ್ಸಕ್ ಮುಂಚೆ?”

“ಬಿಟ್ವಿ. ತೆಗೆದ ಮೇಲೆ ಮತ್ತೆ ಬಿಟ್ವಿ.”

“ಅಂಗೇ ಇರ್ಬೇಕು.” ತುಂಬಾ ಹೊತ್ತು ನೋಡಿದರು. “ಇದೇನಾ ಅದು, ಮ್ಯಾಕ್ ಬರಾದು... ಒಂದೆಲ್ಡ್ ತಿಂಗ್ಳು ಮುಂಚೆ ಬರ್ದಿದ್ರೆ ನಾನೂ ಬತ್ತಿದ್ದೆ ಕಣವ್ವ ಸಮುದ್ರುಕ್ಕೆ.”

ಅವರು ನನಗೆ ಬೈದದ್ದು ಅಷ್ಟೇ. ಕ್ಷಮಿಸಿ ಎಂದೆ.

ಹೊರಡಲು ಎದ್ದೆ. ನಾಳೆ ಹೊಸದೊಂದು ಜಾಯಿಂಟು ಮುಚ್ಚುವುದಿದೆ, ಟಾರ್ಚು ಹಿಡಿಯಲು ಹೋಗಬೇಕು ಎಂದೆ. ಹೆಂಡತಿ ಆಗತಾನೇ ಕಟ್ಟಿ ಮುಗಿಸಿದ ಕಾಕಡದ ದಂಡೆಯಿಂದ ಒಂದು ಮೊಳ ಕತ್ತರಿಸಿ, ಹೇರ್‌ಪಿನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತರು.

“ಮನೇಗ್ ಬಂದು ಬರೀ ತಲೇಲಿ ಓಗ್ತಾರಾ ಯಾರಾನಾ? ತಿರುಗ್ರಿ ಈ ಕಡೀಕೆ.”

“ಬ್ಯಾಡ ಕಣೆ,” ಎಂದರು ಯಜಮಾನರು.

“ಅಯ್ಯೋ, ಏನಿಂಗಂತೀರ? ಶುಕ್ರವಾರ ಸಂಜೇಲಿ...”

“ಬ್ಯಾಡ ಅಂದೆ.” ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಈ ಸಲ ನೆಲ ನೋಡಲಿಲ್ಲ. “ಊವು ಮುಡೀಬ್ಯಾಡಿ ಮೇಡಂ. ನಾಳಿಕ್ಕೆ ಒಳಕ್ ಓಗ್ಬೇಕು ನೀವು.”

ಆಗಲಿ ಯಜಮಾನ್ರೇ ಎಂದೆ. ಆಕೆ ಹೂವನ್ನು ಕೈಯಲ್ಲೇ ಹಿಡಿದು, ಏನೂ ಅರ್ಥವಾಗದೆ, ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದರು.